ಬಂದವರೆಲ್ಲ ಹೋದ ಮೇಲೆ

ನಮ್ಮಲ್ಲಿ ಮಗು ಹುಟ್ಟಿದರೆ ಮನೆ ತುಂಬ ಜನ. ಏಳನೆಯ ದಿನ ಅಕೀಕ, ನೆಂಟರಿಷ್ಟರು, ಉಡುಗೊರೆಗಳು. ಎರಡು ವಾರ ಕಳೆದರೆ ಎಲ್ಲರೂ ಅವರವರ ಮನೆ ಸೇರುತ್ತಾರೆ. ಬಾಣಂತಿಗೆ ಜೊತೆ ಬೇಕಾಗುವುದು ಆಗಲೇ.

2019ರಲ್ಲಿ ನನ್ನ ತಂಗಿ ಎರಡನೆಯ ಹೆರಿಗೆಗೆ ತಾಯಿಮನೆಗೆ ಬಂದಿದ್ದಳು. ಹೆರಿಗೆಯ ನಂತರ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಸುಮ್ಮನೆ ಅಳುತ್ತಿದ್ದಳು. "ನಾನು ಈ ಮಗುವಿಗೆ ತಕ್ಕ ತಾಯಿಯಲ್ಲ" ಎನ್ನುತ್ತಿದ್ದಳು. ನೋಡಲು ಬಂದವರೊಬ್ಬರು ದೃಷ್ಟಿ ತಗಲಿದೆ ಎಂದರು. ಇನ್ನೊಬ್ಬರು, "ಈಮಾನ್ ದುರ್ಬಲವಾಗಿದೆ, ನಮಾಝ್ ಹೆಚ್ಚು ಮಾಡಲಿ" ಎಂದರು. ನಿಫಾಸ್‌ನ ದಿನಗಳಲ್ಲಿ ಸ್ತ್ರೀಗೆ ನಮಾಝ್ ಇಲ್ಲವೆಂಬುದು ಅವರಿಗೆ ನೆನಪಾಗಲಿಲ್ಲ. ದಿನಕ್ಕೆ ಐದು ಬಾರಿ ಮನಸ್ಸನ್ನು ಹಗುರಗೊಳಿಸುತ್ತಿದ್ದ ಸುಜೂದ್ ಆ ದಿನಗಳಲ್ಲಿ ಅವಳಿಗಿರಲಿಲ್ಲ. ದುಆ, ದಿಕ್ರ್‌ಗಳಿಗೂ ನಾಲಿಗೆ ಏಳುತ್ತಿರಲಿಲ್ಲ.

ನೆರವಿಗೆ ಬಂದವರು ನಮ್ಮ ವಾರದ ಕುರ್‌ಆನ್ ತರಗತಿಯ ಸಹೋದರಿಯರು. ಅವರಲ್ಲೊಬ್ಬರು ನಿವೃತ್ತ ನರ್ಸ್. "ಹೆರಿಗೆಯಾದ ಮೊದಲ ದಿನಗಳಲ್ಲಿ ಅಳು ಬರುವುದು ಸಾಮಾನ್ಯ. ಎರಡು ವಾರ ದಾಟಿದರೂ ನಿಲ್ಲದಿದ್ದರೆ ಅದು ಕಾಯಿಲೆ, ವೈದ್ಯರಿಗೆ ತೋರಿಸಬೇಕು" ಎಂದರು. ಅವರೇ ಸರದಿ ಹಾಕಿದರು. ಒಬ್ಬರು ಫಜ್ರ್ ಮುಗಿಸಿ ಬಂದು ಮಗುವನ್ನು ಎತ್ತಿಕೊಳ್ಳುತ್ತಿದ್ದರು, ತಂಗಿ ಮಲಗುತ್ತಿದ್ದಳು. ಇನ್ನೊಬ್ಬರು ಮಧ್ಯಾಹ್ನದ ಊಟ ತರುತ್ತಿದ್ದರು. ಇಬ್ಬರು ಅವಳ ಜೊತೆ ಮನೋವೈದ್ಯರ ಬಳಿಗೆ ನಡೆದರು. ಎದೆಹಾಲು ನಿಲ್ಲಿಸದೆ ತೆಗೆದುಕೊಳ್ಳಬಹುದಾದ ಮಾತ್ರೆಯನ್ನೇ ವೈದ್ಯರು ಕೊಟ್ಟರು. ಯಾರೂ ಉಪದೇಶ ಮಾಡಲಿಲ್ಲ. ಮನೆಯ ಮಾತನ್ನು ಹೊರಗೆ ಒಯ್ಯಲೂ ಇಲ್ಲ. ನಾಲ್ಕು ತಿಂಗಳಲ್ಲಿ ತಂಗಿ ಮೊದಲಿನಂತೆ ನಗತೊಡಗಿದಳು. ಅಲ್‌ಹಮ್ದುಲಿಲ್ಲಾಹ್.

ಇದು ಹೊಸ ದಾರಿಯೇನಲ್ಲ. ಹ. ಆಯಿಶಾ(ರ)ರ ಕುಟುಂಬದಲ್ಲಿ ಯಾರಾದರೂ ಮರಣ ಹೊಂದಿದಾಗ, ನೆರೆದ ಸ್ತ್ರೀಯರು ಚದುರಿ ಆಪ್ತರಷ್ಟೇ ಉಳಿದ ಮೇಲೆ ಅವರು ತಲ್ಬೀನಾ ಎಂಬ ಗಂಜಿ ಮಾಡಿಸುತ್ತಿದ್ದರು. ಅದು ನೊಂದ ಹೃದಯಕ್ಕೆ ಸಾಂತ್ವನ ನೀಡುತ್ತದೆಂದು ಪ್ರವಾದಿ(ಸ)ರಿಂದ ಕೇಳಿದ್ದಾಗಿ ಹೇಳುತ್ತಿದ್ದರು. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ವರದಿಯಿದೆ. ಪುತ್ರನ ಅಗಲಿಕೆಯ ದುಃಖದಲ್ಲಿ ಹ. ಯಾಕೂಬ್(ಅ)ರ ಕಣ್ಣುಗಳೇ ಬೆಳ್ಳಗಾದುವೆಂದು ಕುರ್‌ಆನ್ ಹೇಳುತ್ತದೆ. ಅವರ ಈಮಾನ್ ದುರ್ಬಲವಾಗಿತ್ತೆನ್ನಲು ಯಾರಿಗೆ ಧೈರ್ಯವಿದೆ? ಅಲ್ಲಾಹನು ಮದ್ದಿಲ್ಲದ ರೋಗವನ್ನು ಇಳಿಸಿಲ್ಲವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಮನಸ್ಸಿನ ರೋಗ ಅದರಿಂದ ಹೊರತಲ್ಲ. ದುಆವೂ ಬೇಕು, ಮದ್ದೂ ಬೇಕು.

ಸಹೋದರಿಯರೇ, ನಿಮ್ಮ ಮೊಹಲ್ಲಾದಲ್ಲೂ ಬಾಗಿಲು ಹಾಕಿಕೊಂಡು ಅಳುವವಳೊಬ್ಬಳಿರಬಹುದು. ಬಾಣಂತಿ, ವಿಧವೆ, ಇದ್ದತ್‌ನಲ್ಲಿರುವವಳು, ಯಾರೇ ಆಗಲಿ. ಹೋಗಿ ಕುಳಿತುಕೊಳ್ಳಿ, ಕೇಳಿಸಿಕೊಳ್ಳಿ. ತನಗೋ ಮಗುವಿಗೋ ಹಾನಿ ಮಾಡಿಕೊಳ್ಳುವ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. 2022ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ರೋಗಿಯ ಭೇಟಿ ಒಬ್ಬ ಮುಸ್ಲಿಮನ ಮೇಲೆ ಇನ್ನೊಬ್ಬನಿಗಿರುವ ಹಕ್ಕು. ಜ್ವರ ಬಂದವರಿಗೆ ನಾವು ಆ ಹಕ್ಕನ್ನು ಸಲ್ಲಿಸುತ್ತೇವೆ. ಮನಸ್ಸು ನೊಂದವರಿಗೂ ಸಲ್ಲಿಸೋಣ.