ಮಾತು ಕೇಳದ ಪಾಪೆ

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಏಳೆಂಟು ಜನ ಕಣ್ಣು ಮುಚ್ಚಿ ಕೂತಿದ್ದೆವು. ಭಜನೆಯೊಂದು ಇರಲಿಲ್ಲ, ಅಷ್ಟೆ. ಹತ್ತು ನಿಮಿಷಕ್ಕೊಮ್ಮೆ ನರ್ಸ್ ಹುಡುಗಿ ಬಂದು “ಮೇಲೆ ನೋಡಿ ಅಂಕಲ್” ಎಂದು ಡ್ರಾಪ್ಸ್ ಹಾಕಿ ಹೋಗುತ್ತಿದ್ದಳು. ಮೂರನೇ ಸಲ ಟಾರ್ಚ್ ಬಿಟ್ಟು ನೋಡಿ, “ಇವರದ್ದು ಎಡಗಣ್ಣು ಇನ್ನೂ ಅರಳಿಲ್ಲ” ಅಂದಳು. ಅರಳಿಲ್ಲ! ಆ ಮಾತಿಗೆ ನನ್ನ ಮುಚ್ಚಿದ ಕಣ್ಣೊಳಗೆ ಉಮ್ಮತ್ತಿ ಹೂವು ಅರಳಿತು.

ನನಗಾಗ ಒಂಬತ್ತು ವರ್ಷ. ಶಿವರಾತ್ರಿಗೆ ತಿಪ್ಪೆಯ ಪಕ್ಕದಿಂದ ಉಮ್ಮತ್ತಿ ಹೂವು ತರುವುದು ನನ್ನ ಪಾಲಿನ ಪುಣ್ಯ. ತಂದೆ, ಅದೇ ಕೈಯಲ್ಲಿ ಬಲಗಣ್ಣು ಉಜ್ಜಿಕೊಂಡೆ. ಮಧ್ಯಾಹ್ನ ಅಜ್ಜಿ ನನ್ನ ಗಲ್ಲ ಹಿಡಿದೆತ್ತಿ, “ಅಯ್ಯೋ, ಇದೇನೋ ಇದು, ಒಂದು ಕಣ್ಣು ಮನುಷ್ಯಂದು, ಒಂದು ಕಣ್ಣು ಗೂಬೆದು!” ಎಂದು ಕೂಗಿಕೊಂಡಳು. ಬಲಗಡೆಯ ಪಾಪೆ ಸಾಸಿವೆ ಇದ್ದದ್ದು ಬಟಾಣಿಯಾಗಿತ್ತು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಿದರು. ಪಾಪೆ ಮಾತ್ರ ಜಗ್ಗಲಿಲ್ಲ.

ಊರಿನ ಡಾಕ್ಟರು ಎರಡು ಸೆಲ್ಲಿನ ಟಾರ್ಚ್ ತೆಗೆದರು. ದೊಡ್ಡದಾಗಿದ್ದ ಕಣ್ಣಿಗೇ ಬೆಳಕು ಬಿಟ್ಟರು. ಅದು ಸುಮ್ಮನಿತ್ತು. ಆದರೆ ಬೆಳಕೇ ಬೀಳದ ಎಡಗಣ್ಣಿನ ಪಾಪೆ ಸಟ್ಟನೆ ಕುಗ್ಗಿತಂತೆ. ಅಪ್ಪನನ್ನು ಬಗ್ಗಿಸಿ ತೋರಿಸಿದರು: “ನೋಡಿ ರಾಯರೇ, ಕಾಗದ ಸರಿಯಾಗಿ ಹೋಗ್ತಾ ಇದೆ. ಉತ್ತರಾನೂ ಎರಡು ಮನೆಗೂ ಬರ್ತಾ ಇದೆ. ಈ ಮನೆಯೋರು ಬಾಗಿಲು ತೆಗೀತಿಲ್ಲ. ಹುಡುಗ ಏನು ಮುಟ್ಟಿದ್ದ?”

ಆ ಕಾಗದದ ದಾರಿ ನನಗೆ ತಿಳಿದದ್ದು ಬಹಳ ತಡವಾಗಿ. ಬೆಳಕಿನ ಸುದ್ದಿ ಎರಡನೇ ನರ ಹಿಡಿದು ನಡುಮೆದುಳಿಗೆ ಹೋಗುತ್ತದೆ. ಅಲ್ಲಿ ಕವಲೊಡೆದು ಎಡಬಲ ಎರಡೂ ಕಡೆಯ ಎಡಿಂಗರ್-ವೆಸ್ಟ್‌ಫಾಲ್ ನರಕೇಂದ್ರಗಳನ್ನು ಮುಟ್ಟುತ್ತದೆ. (ಹೆಸರು ಜವಳಿ ಅಂಗಡಿಯ ಪಾಲುದಾರರದ್ದಿದ್ದ ಹಾಗಿದೆ, ಇಬ್ಬರೂ ಜರ್ಮನಿಯವರು.) ಅಲ್ಲಿಂದ ಮೂರನೇ ನರದ ಜೊತೆ ಹೊರಟು, ಕಣ್ಣುಗುಡ್ಡೆಯ ಹಿಂದಿನ ಪುಟ್ಟ ನರಗಂಟಿನಲ್ಲಿ ಗಾಡಿ ಬದಲಿಸಿ, ಪಾಪೆಯ ಸುತ್ತಲಿನ ಬಳೆಯಂಥ ಸ್ನಾಯುವಿಗೆ ಅಪ್ಪಣೆ ಬರುತ್ತದೆ: ಕುಗ್ಗು. ಒಂದು ಕಣ್ಣಿನ ಸುದ್ದಿಗೆ ಎರಡೂ ಕುಗ್ಗುವುದು ಆ ಕವಲಿನಿಂದ. ಉಮ್ಮತ್ತಿಯಲ್ಲಿರುವ ಆಟ್ರೋಪಿನ್ ಜಾತಿಯ ವಿಷ ಕೂರುವುದು ಕೊನೆಯ ಹೊಸ್ತಿಲಲ್ಲಿ, ಆ ಸ್ನಾಯುವಿನ ಮೇಲೆ. ಹತ್ತಿರದ್ದನ್ನು ಓದಲು ಮಸೂರವನ್ನು ಉಬ್ಬಿಸುವ ಸ್ನಾಯುವನ್ನೂ ಅದು ಬಿಡುವುದಿಲ್ಲ. ನಾಲ್ಕು ದಿನ ನಾನು ಕಾಪಿ ಬರೆಯಲಿಲ್ಲ. ಶಿವ ದೊಡ್ಡವನು.

ನನ್ನ ಕಣ್ಣಿಗೆ ವಿಷ ಬಿದ್ದದ್ದು ಅಚಾತುರ್ಯದಿಂದ. ಬೇಕೆಂದೇ ಹಾಕಿಕೊಂಡ ಮಹಾನುಭಾವನೊಬ್ಬನಿದ್ದಾನೆ: ಎಡಿನ್‌ಬರೊದ ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್. ಪಶ್ಚಿಮ ಆಫ್ರಿಕದ ಕ್ಯಾಲಬಾರ್‌ನಲ್ಲಿ ಆರೋಪ ಹೊತ್ತವರಿಗೆ ತಿನ್ನಿಸುತ್ತಿದ್ದ ವಿಷದ ಕಾಳೊಂದಿತ್ತು. ಸತ್ತವನು ತಪ್ಪಿತಸ್ಥ, ಕಕ್ಕಿ ಬದುಕಿದವನು ನಿರಪರಾಧಿ. ಅದರ ಸತ್ವವನ್ನು ಇವನು ತನ್ನ ಕಣ್ಣಿಗೇ ಬಿಟ್ಟುಕೊಂಡ. ಪಾಪೆ ಸೂಜಿಮೊನೆಯಷ್ಟಾಯಿತು. ಆಟ್ರೋಪಿನ್ ಅರಳಿಸಿದ್ದನ್ನು ಈ ಕಾಳು ಮುದುಡಿಸುತ್ತದೆಂದು 1863ರಲ್ಲಿ ಪ್ರಕಟಿಸಿದ. ಮುಂದೆ 1869ರಲ್ಲಿ, ಬೆಳಕಿಗೆ ಕದಲದಿದ್ದರೂ ಹತ್ತಿರದ್ದನ್ನು ನೋಡಹೊರಟರೆ ಮಾತ್ರ ಕುಗ್ಗುವ ವಿಚಿತ್ರ ಪಾಪೆಯನ್ನು ಬಣ್ಣಿಸಿದ. ಅದಕ್ಕೆ ಇಂದಿಗೂ ಅವನದೇ ಹೆಸರು. ಅದು ಸಿಫಿಲಿಸ್ ನರಮಂಡಲಕ್ಕೆ ಇಳಿದ ಗುರುತೆಂದು ಆಮೇಲೆ ಗೊತ್ತಾಯಿತು. ವೈದ್ಯ ವಿದ್ಯಾರ್ಥಿಗಳು ಇದನ್ನು ನೆನಪಿಡಲು ಒಂದು ಪೋಲಿ ಜೋಕು ಇಟ್ಟುಕೊಂಡಿದ್ದಾರೆ. ಮನೆಮಂದಿ ಓದುವ ಪತ್ರಿಕೆ, ಬೇಡ.

ಇಷ್ಟೇ ಆಗಿದ್ದರೆ ಅವನು ನನಗೆ ದೂರದ ನೆಂಟ. ಆದರೆ ಅವನು ಸತ್ತದ್ದೆಲ್ಲಿ ಗೊತ್ತೆ? ಕಾಠಿಯಾವಾಡದ ಗೊಂಡಲ್ ಸಂಸ್ಥಾನದಲ್ಲಿ. ಅಲ್ಲಿನ ದೊರೆ ಭಗವತ್‌ಸಿಂಹಜಿ ಎಡಿನ್‌ಬರೊಗೆ ಹೋಗಿ ವೈದ್ಯಕೀಯ ಓದಿ ಎಂ.ಡಿ. ಪಡೆದವರು. ಇಬ್ಬರಿಗೂ ಗಾಢ ಸ್ನೇಹ. ಆ ಗೆಳೆತನದ ಎಳೆ ಹಿಡಿದು ಇಂಡಿಯಾಕ್ಕೆ ಬಂದಿದ್ದ ಮುದುಕ 1909ರ ಜನವರಿ 3ರಂದು ತೀರಿಕೊಂಡ. ವಿಕ್ಟೋರಿಯಾ ರಾಣಿಗೆ ಸ್ಕಾಟ್ಲೆಂಡಿನಲ್ಲಿ ಕಣ್ಣಿನ ವೈದ್ಯನಾಗಿದ್ದವನನ್ನು ಗೊಂಡಲಿ ಹೊಳೆಯ ದಂಡೆಯಲ್ಲಿ ಸೌದೆಯ ಮೇಲೆ ಮಲಗಿಸಿದರು. ದೊರೆಯೇ ಕೊಳ್ಳಿಯಿಟ್ಟ. ಆ ಬೆಂಕಿ ಭಗ್ಗೆಂದಾಗ ದೊರೆಯ ಎರಡೂ ಪಾಪೆ ಕುಗ್ಗಿರಬೇಕು. ಯಾವ ನರ, ಯಾವ ದಾರಿ ಎಂದು ಅಲ್ಲಿ ನೆರೆದವರ ಪೈಕಿ ಅವನಿಗಂತೂ ತಿಳಿದಿತ್ತು. ಆ ದಂಡೆಯಲ್ಲಿ ನಾಲ್ಕು ಉಮ್ಮತ್ತಿ ಗಿಡ ಇದ್ದೇ ಇದ್ದವೆಂದು ನಾನು ನಂಬಿದ್ದೇನೆ. ಸಾಕ್ಷಿ ಕೇಳಬೇಡಿ.

“ಅಂಕಲ್, ನಿದ್ದೆ ಬಂತಾ? ಈಗ ಚೆನ್ನಾಗಿ ಅರಳಿದೆ, ಒಳಗೆ ಬನ್ನಿ.”

ಪರೀಕ್ಷೆ ಮುಗಿಸಿ ಹೊರಬಿದ್ದರೆ ಹನ್ನೆರಡರ ಬಿಸಿಲು ಕಣ್ಣಿಗೆ ಸುಣ್ಣ ಎರಚಿದಂತೆ ಬಡಿಯಿತು. ನನ್ನವಳು ಕೈ ಹಿಡಿದು ಆಟೋ ಹತ್ತಿಸಿದಳು. ದಾರಿಯುದ್ದಕ್ಕೂ ಉಮ್ಮತ್ತಿ ಕತೆ ಹೇಳಿದೆ. “ಇದು ಎಷ್ಟನೇ ಸಲ?” ಅಂದಳು. ಮನೆ ಬಂತು. ಮೀಟರಿಗೆ ಮೂಗು ತಾಗುವಷ್ಟು ಬಗ್ಗಿದರೂ ಅಂಕಿ ಬರೀ ಮಂಜು. ಅವಳ ಕನ್ನಡಕ ಮನೆಯಲ್ಲೇ ಇತ್ತು. ಆಟೋದವನು ನನ್ನ ಅರಳಿದ ಕಣ್ಣನ್ನು ಒಮ್ಮೆ ನೋಡಿ, ಒಂದು ಮೊತ್ತ ಹೇಳಿದ. ಕೊಟ್ಟೆ.