ಕುಳಿತುಕೊಳ್ಳಿ

ಮ್ಯಾಡ್ರಿಡ್ ನಗರದಲ್ಲಿರುವ ಮಗನ ಮನೆಗೆ ನಾನು ಹೋದುದು ಬೀಗರು ತೀರಿಕೊಂಡ ವರ್ಷ. ಬೀಗಿತಿಯವರು ಬಂದೊಡನೆ ಆಸನವನ್ನು ತೋರಿಸಿ, ಕಂಠಪಾಠ ಮಾಡಿದ್ದ ಸ್ಪ್ಯಾನಿಷ್ ನುಡಿಯಲ್ಲಿ ‘ಸೆ ಸಿಯೆಂತೆ’ ಎಂದೆನು. ಆಕೆ ನಿಂತೇ ಇದ್ದರು.

“ತಾತ, ‘ಸೆ’ ಹಿಂದೆ ಬರಬೇಕು” ಎಂದಳು ಮೊಮ್ಮಗಳು. ವಿಧಿಯಲ್ಲಿ ಆ ಆತ್ಮಾರ್ಥಕ ಸರ್ವನಾಮವು ಕ್ರಿಯಾಪದದ ಬೆನ್ನಿಗೆ ಅಂಟಿಕೊಳ್ಳುವುದು: ‘ಸಿಯೆಂತೆಸೆ’. ಸಲಿಗೆಯವರಿಗಾದರೆ ‘ಸಿಯೆಂತತೆ’. ನಿಷೇಧದಲ್ಲಿ ಮಾತ್ರ ಮುಂದಕ್ಕೆ ಬರುವುದು: ‘ನೋ ಸೆ ಸಿಯೆಂತೆ’, ಎಂದರೆ ಕುಳಿತುಕೊಳ್ಳಬೇಡಿ! ದುಃಖತಪ್ತೆಗೆ ನಾನು ಅರ್ಧ ನಿಷೇಧವನ್ನೇ ನುಡಿದಿದ್ದೆನು. ನಮ್ಮ ‘ಕೊಳ್ಳು’ ಸಹ ಹೀಗೆಯೇ ಬಾಲವಾಗಿ ಬರುವುದಲ್ಲವೆ? ಆದರೆ ನಾವು ‘ಏಳಿ’ ಎನ್ನುವಲ್ಲಿ ಅದು ಬೇಡ. ಅವರಿಗೆ ಅಲ್ಲಿಯೂ ಬೇಕು: ‘ಲೆವಾಂತೆಸೆ’.

ಮರುದಿನ ನಾನು ಬಾಯಿ ತೆರೆಯುವ ಮೊದಲೇ ಆಕೆ ಕುರ್ಚಿಯನ್ನೆಳೆದು, ನಿಧಾನವಾಗಿ ಬಿಡಿಸಿ ‘ಸಿಯೆಂತೆಸೆ’ ಎಂದು ನನ್ನನ್ನೇ ಕೂರಿಸಿದರು.