ಆನುವಂಶಿಕತೆಯ ಮೂಲದ್ರವ್ಯ

ಬಂಗಾರಪೇಟೆಯ ನೆರೆಯ ಕೋಲಾರ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅರೆದು ಚೆಲ್ಲಿದ ಮಣ್ಣಿನ ದಿಬ್ಬಗಳು ಮಾತ್ರ ಉಳಿದಿವೆ. ಅದಿರನ್ನು ಪುಡಿಮಾಡಿ, ಸೈನೈಡಿನ ದ್ರಾವಣದಿಂದ ಚಿನ್ನವನ್ನು ಬೇರ್ಪಡಿಸಿದರೆ ಟನ್ನಿಗೆ ದೊರೆಯುತ್ತಿದ್ದುದು ಕೆಲವೇ ಗ್ರಾಂ. ಸಾರವು ಅತ್ಯಲ್ಪ, ಅಸಾರವು ಬೆಟ್ಟದಷ್ಟು. ಜೀವಿಗಳ ವಂಶಗುಣವು ಯಾವ ದ್ರವ್ಯದಲ್ಲಿ ಅಡಗಿದೆಯೆಂಬ ಶೋಧವೂ ಇಂತಹುದೇ ಬೇರ್ಪಡಿಸುವ ಕಾಯಕವಾಗಿತ್ತು.

ಲಂಡನ್ನಿನ ಫ್ರೆಡರಿಕ್ ಗ್ರಿಫಿತ್ ಅವರು 1928ರಲ್ಲಿ ನ್ಯುಮೋನಿಯ ರೋಗದ ಬ್ಯಾಕ್ಟೀರಿಯಗಳ ಎರಡು ಬಗೆಗಳನ್ನು ಪರೀಕ್ಷಿಸಿದರು. ಕವಚವುಳ್ಳ ಬಗೆಯು ಇಲಿಗಳನ್ನು ಕೊಲ್ಲುತ್ತಿತ್ತು. ಕವಚವಿಲ್ಲದ ಬಗೆಯು ನಿರಪಾಯಕಾರಿ. ಕವಚವುಳ್ಳವುಗಳನ್ನು ಕಾಸಿ ಕೊಂದರೆ ಅವೂ ನಿರಪಾಯಕಾರಿಯೇ. ಆದರೆ ಹೀಗೆ ಸತ್ತವುಗಳನ್ನು ಕವಚವಿಲ್ಲದ ಸಜೀವ ಬ್ಯಾಕ್ಟೀರಿಯಗಳೊಡನೆ ಕೂಡಿಸಿ ಚುಚ್ಚಿದಾಗ ಇಲಿಗಳು ಸತ್ತವು. ಅವುಗಳ ರಕ್ತದಲ್ಲಿ ಕವಚವುಳ್ಳ ಸಜೀವ ಬ್ಯಾಕ್ಟೀರಿಯಗಳೇ ಕಂಡುಬಂದವು. ಅವುಗಳ ಸಂತತಿಗೂ ಆ ಗುಣವೇ ಬಂದಿತು. ಸತ್ತುದರ ಗುಣವು ಬದುಕಿದ್ದುದಕ್ಕೆ ದಾಟಿತ್ತು!

ದಾಟಿಸಿದ ದ್ರವ್ಯವಾವುದು? ಕಾರಣವನ್ನು ನಿಶ್ಚಯಿಸಲು ಭಾರತೀಯ ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕವೆಂಬ ಕ್ರಮವುಂಟು. ಯಾವುದಿದ್ದರೆ ಕಾರ್ಯವು ನಡೆದು, ಯಾವುದಿಲ್ಲದಿದ್ದರೆ ನಡೆಯದೋ ಅದೇ ಕಾರಣ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ, ಕಾಲಿನ್ ಮ್ಯಾಕ್ಲೌಡ್, ಮ್ಯಾಕ್ಲಿನ್ ಮೆಕಾರ್ಟಿ ಅವರು 1944ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಕ್ರಮಕ್ಕೆ ಸೊಗಸಾದ ನಿದರ್ಶನ. ಸತ್ತ ಬ್ಯಾಕ್ಟೀರಿಯಗಳಿಂದ ಶೋಧಿಸಿ ತೆಗೆದ ಸಾರದಲ್ಲಿ, ಪ್ರೋಟೀನನ್ನು ಛೇದಿಸುವ ಕಿಣ್ವಗಳನ್ನು ಬೆರೆಸಿದರೂ ಗುಣವು ದಾಟಿತು, ಆರ್.ಎನ್.ಎ.ಯನ್ನು ಛೇದಿಸಿದರೂ ದಾಟಿತು, ಡಿ.ಎನ್.ಎ.ಯನ್ನು ಛೇದಿಸಿದೊಡನೆ ನಿಂತುಹೋಯಿತು. ಆ ಶುದ್ಧ ದ್ರವ್ಯವು 60 ಕೋಟಿ ಭಾಗಗಳಲ್ಲಿ ಒಂದು ಭಾಗವಿದ್ದರೂ ಕಾರ್ಯಸಾಧಕವಾಗಿತ್ತು.

ಆದರೂ ಹಲವು ವಿದ್ವಾಂಸರು ಒಪ್ಪಲಿಲ್ಲ. 20 ಬಗೆಯ ಅಮೈನೊ ಆಮ್ಲಗಳಿಂದಾದ ಪ್ರೋಟೀನಿನ ವೈವಿಧ್ಯವೆಲ್ಲಿ, ನಾಲ್ಕೇ ಕ್ಷಾರಗಳುಳ್ಳ ಡಿ.ಎನ್.ಎ. ಎಲ್ಲಿ ಎಂಬುದು ಅವರ ವಾದ. ಸಾರದಲ್ಲಿ ಲೇಶಮಾತ್ರ ಪ್ರೋಟೀನು ಉಳಿದಿರಬಹುದೆಂಬ ಸಂಶಯವೂ ಇತ್ತು. 1952ರಲ್ಲಿ ಆಲ್ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ಅವರು ಬ್ಯಾಕ್ಟೀರಿಯಗಳನ್ನು ಆಕ್ರಮಿಸುವ ವೈರಸ್ಸಿನ ಡಿ.ಎನ್.ಎ.ಗೆ ವಿಕಿರಣಶೀಲ ರಂಜಕದ ಗುರುತನ್ನೂ ಪ್ರೋಟೀನಿಗೆ ವಿಕಿರಣಶೀಲ ಗಂಧಕದ ಗುರುತನ್ನೂ ಇಟ್ಟು ನೋಡಿದರು. ಗಂಧಕದ ಬಹುಭಾಗ ಹೊರಗುಳಿಯಿತು. ರಂಜಕದ ಬಹುಭಾಗ ಒಳಹೊಕ್ಕಿತು. ಸರಳವೆಂದು ಕಡೆಗಣಿಸಲ್ಪಟ್ಟುದೇ ಸಾರವಾಗಿತ್ತು.

ಹರ್ಷಿ ಅವರು 1969ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. 1955ರಲ್ಲಿ ಕಾಲವಾದ ಏವರಿ ಅವರಿಗೆ ಆ ಗೌರವ ದೊರೆಯಲೇ ಇಲ್ಲ. ಆದರೆ ಅವರು ತೋರಿದ ಪ್ರಮಾಣವು ಇಂದಿಗೂ ಅಚಲವಾಗಿ ನಿಂತಿದೆ.

ಡಿ.ಎನ್.ಎ. ವಂಶಗುಣವನ್ನು ಒಯ್ಯುತ್ತದೆಂದು ವಿದ್ಯಾರ್ಥಿಯು ಇಂದು ಒಂದೇ ವಾಕ್ಯದಲ್ಲಿ ಒಪ್ಪಿಸುತ್ತಾನೆ. ಆ ವಾಕ್ಯದ ಹಿಂದೆ 24 ವರ್ಷಗಳ ಅರೆಯುವಿಕೆ, ಸೋಸುವಿಕೆ, ಸಂಶಯ ಪರಿಹಾರಗಳಿವೆ. ಸಿದ್ಧಾಂತದೊಡನೆ ಅದು ಸಿದ್ಧವಾದ ಬಗೆಯನ್ನೂ ಮಕ್ಕಳಿಗೆ ತಿಳಿಸುವುದು ಗುರುಗಳ ಹೊಣೆ. ಅದನ್ನು ಕೈಯಾರೆ ಮಾಡಿ ನೋಡಲು ಪ್ರಯೋಗಶಾಲೆಯನ್ನು ಸಜ್ಜುಗೊಳಿಸುವುದು ದಾನಿಗಳ ಪುಣ್ಯ. ಪ್ರಮಾಣವನ್ನು ಕೇಳುವ ಅಭ್ಯಾಸವು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ರಕ್ತದಲ್ಲಿ ಹರಿದು ಬರುವುದಿಲ್ಲ. ಅದನ್ನು ಶಾಲೆಯೇ ದಾಟಿಸಬೇಕು.